ಮಂಚಕ್ಕೊಂದು ತಂತಿಯ ರಿಮೋಟು

ಸೊನ್ನೆ ಮೇಷ್ಟ್ರು ಎಂಬ ಹೆಸರು ಅವರಿಗೆ ಬಂದದ್ದು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ. ಉತ್ತರ ಸರಿಯಿದ್ದು ಏಕಮಾನ ಬರೆಯದವನಿಗೆ ಸೊನ್ನೆ. ಏಕಮಾನ ಬರೆದು ದಶಮಾಂಶದ ಸ್ಥಾನವೊಂದನ್ನು ಹೆಚ್ಚಿಗೆ ಸೇರಿಸಿದವನಿಗೂ ಸೊನ್ನೆ. ನಿವೃತ್ತಿಯಾದ ಮೇಲೆ ವಿದ್ಯಾರ್ಥಿಗಳು ಸಿಗದೆ ಆ ಸೊನ್ನೆಗಳನ್ನು ಮನೆಯವರಿಗೆ ಹಂಚುತ್ತಾ ಬಂದಿದ್ದರು. ಹೆಂಡತಿ ಮಡಚಿದ ಬಟ್ಟೆಯ ಅಂಚು ಕೂಡುತ್ತಿರಲಿಲ್ಲ, ಮಗ ಬಡಿದ ಮೊಳೆ ನೆಟ್ಟಗಿರುತ್ತಿರಲಿಲ್ಲ, ಸೊಸೆ ಬಾಗಿಲು ಹಾಕಿಕೊಳ್ಳುವ ರೀತಿಗೆ ಬಿಜಾಗರಿ ಇನ್ನೆಷ್ಟು ದಿನ ಬಾಳೀತು. ಅವರ ಮಟ್ಟಿಗೆ ಲೋಕವೆಂಬುದು ತಿದ್ದಿ ಮುಗಿಯದ ಒಂದು ರೆಕಾರ್ಡ್ ಪುಸ್ತಕ.

ಈಗ ಆ ಲೋಕವನ್ನು ಅವರು ಮಲಗಿಕೊಂಡೇ ನೋಡಬೇಕಾಗಿ ಬಂದಿತ್ತು. ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದಿತ್ತು. ಮೂಳೆ ಕೂಡುತ್ತದೆ, ಆದರೆ ಅಲ್ಲಿಯವರೆಗೆ ಸೊಂಟದ ಮೇಲೆ ಭಾರ ಹಾಕಿ ತಾವಾಗಿ ಏಳಕೂಡದು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ದಿನವೂ ಬೆಳಿಗ್ಗೆ ಮಗ ಬಂದು, ಕಂಕುಳಿಗೆ ಕೈ ಹಾಕಿ, "ಅಪ್ಪಾ, ರೆಡೀನಾ? ಹೈಸ್ಸಾ!" ಎಂದು ಮೂಟೆಯ ಹಾಗೆ ಎತ್ತಿ ಕೂರಿಸುತ್ತಿದ್ದ. ಅವನ ಬಾಯಲ್ಲಿ ಟೂತ್‌ಪೇಸ್ಟಿನ ವಾಸನೆ ಇರುತ್ತಿತ್ತು. ಎತ್ತುವಾಗಲೂ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ; ಮೊಬೈಲ್ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಆಡುವ ಮಾತನ್ನೇ ಆಡುತ್ತಿದ್ದ. ಪ್ರಯೋಗಶಾಲೆಯಲ್ಲಿ ತಾವು ಕಾಲಿಟ್ಟರೆ ಎಲ್ಲರೂ ಎದ್ದು ನಿಲ್ಲುತ್ತಿದ್ದ ದಿನಗಳನ್ನು ನೆನೆದು ಮೇಷ್ಟ್ರು ಹಲ್ಲು ಕಚ್ಚುತ್ತಿದ್ದರು. ಅವರಿಗೆ ಈ ಜಗತ್ತಿನಲ್ಲಿ ಇನ್ನು ಬೇಕಾಗಿದ್ದದ್ದು ಒಂದೇ. ಯಾರ ಕೈಯನ್ನೂ ಕಾಯದೆ, ಯಾರ ಹೈಸ್ಸಾವನ್ನೂ ಕೇಳದೆ, ತಾವಾಗಿ ಎದ್ದು ಕೂರಬೇಕು.

ಇದಕ್ಕೆ ಮಗನೇ ಒಂದು ಉಪಾಯ ತಂದ. ಮಂಚದ ತಲೆಭಾಗವನ್ನು ಎತ್ತಿ ಇಳಿಸುವ ಒಂದು ಸ್ಕ್ರೂ ಮೋಟಾರು, ಅದನ್ನು ಆಳುವ ಬೆರಳಗಲದ ಮೈಕ್ರೋಕಂಟ್ರೋಲರ್ ಬೋರ್ಡು, ಎಲ್ಲಕ್ಕೂ ಕಳಶವಿಟ್ಟಂತೆ ಫೋನಿನಲ್ಲಿ ಒಂದು ಆ್ಯಪು. ಫೋನಿನಲ್ಲಿ ಬಾಣದ ಗುರುತು ಮುಟ್ಟಿದರೆ ಮಂಚ ಏಳಬೇಕು. ಎದ್ದಿತು ಕೂಡ. ಬೆರಳು ತೆಗೆದ ಕ್ಷಣಕ್ಕೇ ಸರಿಯಾಗಿ ಫೋನಿಗೂ ಬೋರ್ಡಿಗೂ ಸಂಬಂಧ ತಪ್ಪಿ, ನಿಲ್ಲು ಎಂಬ ಆಜ್ಞೆ ತಲುಪದೆ, ಮಂಚ ಏಳುತ್ತಲೇ ಹೋಯಿತು. ಮೇಷ್ಟ್ರ ಮೂಗು ಮೊಣಕಾಲಿನ ಕಡೆಗೆ ಪಯಣ ಬೆಳೆಸಿತ್ತು. ಹೆಂಡತಿ ಓಡಿಬಂದು ಗೋಡೆಯ ಪ್ಲಗ್ಗು ಕೀಳದಿದ್ದರೆ ಸೊಂಟದ ಇನ್ನೊಂದು ಮೂಳೆಯ ಗತಿ ಏನಾಗುತ್ತಿತ್ತೋ. ಅಪ್‌ಡೇಟ್ ಮಾಡಿದರೆ ಸರಿಹೋಗುತ್ತದೆ ಎಂದ ಮಗ.

"ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ ನೀನು," ಎಂದರು ಮೇಷ್ಟ್ರು. "ಎರಡು ಮೊಳ ದೂರದಲ್ಲಿರೋ ಮೋಟಾರಿಗೆ ಗಾಳಿಯಲ್ಲಿ ಸುದ್ದಿ ಕಳಿಸ್ತಾನಂತೆ. ತಂತಿ ಅಂತ ಒಂದು ವಸ್ತು ಇದೆ, ಕೇಳಿದೀಯಾ?"

ಮಗ ಕೇಳಿದ್ದ. ಆದರೆ ಅವನ ಅಂಗಡಿಯಲ್ಲಿ ತಂತಿಯಿರುವ ಯಾವುದನ್ನೂ ಜನ ಕೊಳ್ಳುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ನಿಮ್ಮಿಷ್ಟ ಎಂದು ಹೇಳಿ ಹೊರಟುಹೋದ.

ರಿಮೋಟನ್ನು ಮೇಷ್ಟ್ರು ಮಲಗಿಕೊಂಡೇ ತಲೆಯಲ್ಲಿ ಕಟ್ಟಿದರು. ಅಂಗೈಯಲ್ಲಿ ಕೂರುವ ಒಂದು ಡಬ್ಬಿ. ಅದರಲ್ಲಿ ಮೇಲಕ್ಕೊಂದು, ಕೆಳಕ್ಕೊಂದು ಒತ್ತುವ ಸ್ವಿಚ್ಚು. ಒತ್ತಿದ್ದು ನಿಜವಾಗಿ ತಾಗಿತೇ ಎಂದು ಕಣ್ಣಿಗೆ ಕಾಣಲು ಒಂದು ಪುಟ್ಟ ಕೆಂಪು ದೀಪ. ಡಬ್ಬಿಯಿಂದ ಮಂಚದಡಿಯ ಬೋರ್ಡಿನವರೆಗೆ ಒಂದು ಕೇಬಲ್ಲು. ಒತ್ತಿ ಹಿಡಿದಷ್ಟು ಹೊತ್ತು ಓಡಬೇಕು, ಬಿಟ್ಟ ಕೂಡಲೇ ನಿಲ್ಲಬೇಕು. ಇದರಲ್ಲಿ ಗೆಲ್ಲಲು ಏನೂ ಇಲ್ಲ, ಸೋಲಲು ಮೂರ್ಖತನ ಬೇಕು ಎಂದು ಅವರು ಘೋಷಿಸಿದರು.

ತೊಡಕಿದ್ದದ್ದು ಕೈಯಲ್ಲಿ. ವರ್ಷದಿಂದೀಚೆಗೆ ಮೇಷ್ಟ್ರ ಕೈ ನಡುಗುತ್ತಿತ್ತು. ಸುಮ್ಮನಿದ್ದಾಗ ಅಲ್ಲ, ಏನನ್ನಾದರೂ ಹಿಡಿಯಲು, ಒತ್ತಲು ಹೋದಾಗ. ಇದು ಯಾರಿಗೂ ಗೊತ್ತಿಲ್ಲವೆಂದು ಅವರು ನಂಬಿದ್ದರು. ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದರು, ಬಿಸಿ ಆರಿಸಲು ಎಂಬಂತೆ. ಸಹಿ ಬೇಕೆಂದರೆ ಕನ್ನಡಕ ಸಿಗುತ್ತಿಲ್ಲ ಎನ್ನುತ್ತಿದ್ದರು. ಉಳಿದ ಹೊತ್ತು ಕೈ ಹೊದಿಕೆಯ ಒಳಗೇ ಇರುತ್ತಿತ್ತು. ಬೆಸುಗೆಯ ಕಡ್ಡಿಯನ್ನು ಹೊದಿಕೆಯೊಳಗಿಂದ ಹಿಡಿಯಲಾಗದಷ್ಟೆ.

ಆದ್ದರಿಂದ ಸೊಸೆಗೆ ಬುಲಾವ್ ಹೋಯಿತು.

ಸೊಸೆ ಒಂದು ಹಲ್ಲಿನ ಲ್ಯಾಬಿನಲ್ಲಿ ಸೆಟ್ಟು ಮಾಡುವ ಕೆಲಸದಲ್ಲಿದ್ದಳು. ಅಳತೆಗೆ ಬಂದ ದವಡೆಯ ಅಚ್ಚಿನ ಮೇಲೆ ಮೇಣ ಕೂರಿಸಿ, ಹಲ್ಲು ಜೋಡಿಸಿ, ಅಂಚು ತೀಡುವ ಕೈ ಅವಳದು. ಮೇಷ್ಟ್ರ ಅಭಿಪ್ರಾಯದಲ್ಲಿ ಅದು ವಿಜ್ಞಾನವಲ್ಲ, ಗೊಂಬೆ ಮಾಡುವ ಕಸುಬು. ಮೊದಲ ದಿನವೇ ಅದನ್ನು ಅವಳಿಗೆ ತಿಳಿಸಿದರು. "ಯೋಚನೆ ನನ್ನದು, ಕೈ ಮಾತ್ರ ನಿಂದು. ಮಧ್ಯೆ ನಿನ್ನ ಬುದ್ಧಿ ತೂರಿಸಬೇಡ."

"ಬುದ್ಧಿನ ಲ್ಯಾಬಲ್ಲೇ ಬಿಟ್ಟು ಬಂದಿದೀನಿ ಮಾವ, ಶುರು ಮಾಡಿ," ಎಂದಳು ಅವಳು.

ಅವಳ ಬಾಯಿ ಅವರಿಗೆ ಹಿಡಿಸುತ್ತಿರಲಿಲ್ಲ. ಬೆಸುಗೆ ಮಾತ್ರ, ಒಪ್ಪಲೇಬೇಕು, ಹಿಡಿಸಿತು. ಹಾಗಾಗಿ ಅದರ ಬಗ್ಗೆ ಏನೂ ಹೇಳಲಿಲ್ಲ. ಸಂಜೆ ಕೆಲಸದಿಂದ ಬಂದು, ಊಟದ ಮೇಜಿನ ಸ್ಟೂಲನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡು, ಅವರು ಹೇಳಿದಂತೆ ತಂತಿ ಸುಲಿದಳು, ತಿರುಚಿದಳು, ತವರ ಹರಿಸಿದಳು. ಮೇಷ್ಟ್ರು ಗಲ್ಲದವರೆಗೂ ಹೊದ್ದುಕೊಂಡು, ಕಣ್ಣಲ್ಲೇ ಗದರುತ್ತಾ, ಲ್ಯಾಪ್‌ಟಾಪಿಗೆ ಪ್ರೋಗ್ರಾಮಿನ ಸಾಲುಗಳನ್ನು ಬಾಯಲ್ಲಿ ಹೇಳಿ ಬರೆಸಿದರು. ಬಿಂದು ಎಲ್ಲಿ, ಆವರಣ ಎಲ್ಲಿ ಎಂಬುದನ್ನೂ ಪಾಠ ಹೇಳಿದಂತೆ ಹೇಳಿದರು.

ಮೊದಲ ಸಲ ಜೋಡಿಸಿದಾಗ ಮಂಚಕ್ಕೆ ದೆವ್ವ ಹಿಡಿಯಿತು. ಅಡುಗೆಮನೆಯಲ್ಲಿ ಫ್ರಿಜ್ಜು ಗುಡುಗಿ ಶುರುವಾದರೆ ಇಲ್ಲಿ ಮಂಚ ಬೆಚ್ಚಿಬೀಳುತ್ತಿತ್ತು. ಯಾರೂ ಸ್ವಿಚ್ಚು ಮುಟ್ಟದಿದ್ದರೂ ಉದ್ದದ ಕೇಬಲ್ಲು ಸುತ್ತಲಿನ ವಿದ್ಯುತ್ತಿನ ಗದ್ದಲವನ್ನು ಹಿಡಿದು ಬೋರ್ಡಿಗೆ ಚಾಡಿ ಹೇಳುತ್ತಿತ್ತು. ಮೇಷ್ಟ್ರಿಗೆ ಇದರಿಂದ ಬೇಸರವಾಗಲಿಲ್ಲ, ಉತ್ಸಾಹವೇ ಬಂತು; ಸದ್ದು ಅಡಗಿಸುವುದು ಅವರ ಆಜೀವ ವೃತ್ತಿ. ಕೇಬಲ್ಲನ್ನು ಮೋಟಾರಿನ ತಂತಿಯಿಂದ ದೂರ ಮಾಡಿಸಿದರು. ಬೋರ್ಡಿನ ಬಾಯಿಯಲ್ಲಿ ರೆಸಿಸ್ಟರು ಹಾಕಿಸಿದರು. ಅಲ್ಲಿಗೆ ದೆವ್ವ ಬಿಟ್ಟಿತು. ಫ್ರಿಜ್ಜು ಎಷ್ಟು ಗುಡುಗಿದರೂ ಮಂಚ ಮಿಸುಕಲಿಲ್ಲ.

ಯಾರೇ ಆದರೂ ಅಷ್ಟಕ್ಕೆ ನಿಲ್ಲಿಸುತ್ತಿದ್ದರು. ಮೇಷ್ಟ್ರು ನಿಲ್ಲಿಸಲಿಲ್ಲ. ಪ್ರೋಗ್ರಾಮಿನಲ್ಲೂ ಒಂದು ಕಾವಲು ಕೂರಿಸಿದರು. ಸ್ವಿಚ್ಚು ಕಾಲು ಸೆಕೆಂಡು ಕಾಲ ಒಂದಿಷ್ಟೂ ಕದಲದೆ ಒತ್ತಿಕೊಂಡಿದ್ದರೆ ಮಾತ್ರ ಅದು ನಿಜವಾದ ಒತ್ತು. ನಡುವೆ ಕೂದಲೆಳೆಯಷ್ಟು ತಪ್ಪಿದರೂ ಗದ್ದಲ, ಲೆಕ್ಕ ಮತ್ತೆ ಮೊದಲಿಂದ. ಇಷ್ಟೊಂದು ಬೇಕಾ, ಸ್ವಲ್ಪ ಕಮ್ಮಿ ಮಾಡಿದರೆ ಆಗಲ್ಲವಾ ಎಂದು ಸೊಸೆ ಕೇಳಿದಳು. ಮೇಷ್ಟ್ರು ಅವಳ ಕಡೆ ನೋಡಿದ ನೋಟ ಒಂದು ಪೀಳಿಗೆಯನ್ನೇ ಫೇಲು ಮಾಡಿದ ನೋಟ.

"ಗಟ್ಟಿಯಾಗಿ ಒತ್ತೋಕೆ ಬರದೇ ಇರೋನು ಸ್ವಿಚ್ಚಿಗೆ ಕೈಯೇ ಹಾಕಬಾರದು. ಅಡ್ಡಾದಿಡ್ಡಿ ಬೆರಳಿಗೆಲ್ಲ ಮರ್ಯಾದೆ ಕೊಡೋ ಯಂತ್ರ ಯಂತ್ರವೇ ಅಲ್ಲ. ಬರಿ, ಇನ್ನೂರೈವತ್ತು ಮಿಲಿಸೆಕೆಂಡು."

ಅವಳು ಬರೆದಳು. ಒತ್ತಿ ನೋಡಿದವಳೂ ಅವಳೇ. ನೀವೂ ಒಂದು ಸಲ ಒತ್ತಿ ಎಂದು ಡಬ್ಬಿ ಚಾಚಿದಾಗ, ಸ್ವಂತ ಪ್ರಯೋಗವನ್ನು ಪ್ರಯೋಗ ಮಾಡಿದವನೇ ಪರೀಕ್ಷಿಸುವುದು ಪದ್ಧತಿಯಲ್ಲ ಎಂದರು. ಅವಳ ಹೆಬ್ಬೆರಳ ಕೆಳಗೆ ಮಂಚ ಸದ್ದಿಲ್ಲದೆ ಎದ್ದಿತು, ಸದ್ದಿಲ್ಲದೆ ಇಳಿಯಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು, "ಹ್ಞೂಂ," ಎಂದರು. ಅದು ಅವರ ಬಾಯಿಂದ ಬೀಳಬಹುದಾದ ದೊಡ್ಡ ಪ್ರಶಸ್ತಿ.

ತಮ್ಮ ಕೈಯಿಂದ ಒತ್ತುವ ಮೊದಲ ಒತ್ತನ್ನು ಅವರು ಬೇರೊಂದು ಸಂದರ್ಭಕ್ಕೆಂದು ಎತ್ತಿಟ್ಟಿದ್ದರು. ರಸಾಯನಶಾಸ್ತ್ರದವನು ಬರುವವನಿದ್ದ.

ರಸಾಯನಶಾಸ್ತ್ರದವನೆಂದರೆ ಅದೇ ಕಾಲೇಜಿನಲ್ಲಿ ಗೋಡೆಯಾಚೆಗಿನ ಪ್ರಯೋಗಶಾಲೆಯನ್ನು ಕೊನೆಯವರೆಗೂ ಗಬ್ಬೆಬ್ಬಿಸಿದ ಮನುಷ್ಯ. ಅವನು ಎಲ್ಲರಿಗೂ ಅಂಕ ಕೊಡುತ್ತಿದ್ದ, ಹುಡುಗರ ಜೊತೆ ನಗುತ್ತಿದ್ದ, ಸುಮಾರಾಗಿ ಇಷ್ಟು ಎಂದು ಅಳೆಯುತ್ತಿದ್ದ. ಮೇಷ್ಟ್ರಿಗೆ ಅವನ ಮೇಲಿದ್ದ ತಿರಸ್ಕಾರ ಗೆಳೆತನಕ್ಕಿಂತ ಗಟ್ಟಿಯಾದದ್ದು, ಬಾಳಿಕೆಯದು. ಅವನೆದುರು ಅಂಗಾತ ಬಿದ್ದಿರುವುದು ಆಗದ ಮಾತು. ಅವನು ಒಳಗೆ ಬರಬೇಕು, ಅಯ್ಯೋ ಪಾಪ ಎಂದು ಬಾಯಿ ತೆರೆಯಬೇಕು, ಆಗ ತಾವು ಹೆಬ್ಬೆರಳೊಂದನ್ನೇ ಅಲುಗಿಸಿ ರಾಜನ ಹಾಗೆ ಮೇಲೇಳಬೇಕು.

ಬಂದ. ಕುರ್ಚಿಯಲ್ಲಿ ಕುಸಿದು, ಏನಯ್ಯಾ ಹೀಗಾಗಿಬಿಟ್ಟೆ ಎಂದು ಶುರುಮಾಡಿದ. ಹೆಂಡತಿ ಬಾಗಿಲ ಬಳಿ, ಸೊಸೆ ಕಿಟಕಿಯ ಬಳಿ, ಮಗ ಕಾಲ ಬುಡದಲ್ಲಿ ನಿಂತಿದ್ದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಈ ಯಂತ್ರದ ತತ್ವವನ್ನು ನಾಲ್ಕು ಮಾತಿನಲ್ಲಿ ವಿವರಿಸಿ, ನಿನಗೆ ಇದು ಅರ್ಥವಾಗುತ್ತದೆಂಬ ಭ್ರಮೆ ನನಗಿಲ್ಲ ಎಂಬುದನ್ನೂ ಸೇರಿಸಿ, ಹೊದಿಕೆಯ ಕೆಳಗೇ ಡಬ್ಬಿಯನ್ನು ಹಿಡಿದು ಒತ್ತಿದರು.

ಏನೂ ಆಗಲಿಲ್ಲ.

ಇನ್ನೊಮ್ಮೆ ಒತ್ತಿದರು. ಹೆಬ್ಬೆರಳ ಮೇಲೆ ಇನ್ನೊಂದು ಕೈಯ ಹೆಬ್ಬೆರಳಿಟ್ಟು ಒತ್ತಿದರು. ಹೊದಿಕೆ ಒಳಗಿಂದ ಕುಣಿಯಿತೇ ಹೊರತು ಮಂಚ ಅಲುಗಲಿಲ್ಲ. ರಸಾಯನಶಾಸ್ತ್ರದವನು, "ತತ್ವ ಇನ್ನೂ ಬರ್ತಾ ಇದೆಯಾ, ಟ್ರಾಫಿಕ್ ಇರಬೇಕು," ಎಂದ. ಮಗ ಹ್ಹಿ ಎಂದು, ಬಾಯಿ ಮುಚ್ಚಿಕೊಂಡ.

ಮೇಷ್ಟ್ರ ಕಿವಿ ಕೆಂಪಾಯಿತು. "ಬೆಸುಗೆ," ಎಂದರು. "ಬೆಸುಗೆ ಬಿಟ್ಟಿದೆ. ಹಲ್ಲು ಅಂಟಿಸೋರ ಕೈಗೆ ವಿಜ್ಞಾನ ಕೊಟ್ರೆ ಇನ್ನೇನಾಗುತ್ತೆ."

ಸೊಸೆ ಕಿಟಕಿಯ ಬಳಿಯಿಂದ ಬಂದಳು. ಹೊದಿಕೆ ಸರಿಸಿ, ಅವರ ಕೈಯಿಂದ ಡಬ್ಬಿ ತೆಗೆದುಕೊಂಡು, ಮುಖದಲ್ಲಿ ಒಂದು ಗೆರೆಯೂ ಬದಲಾಗದಂತೆ ಒತ್ತಿದಳು. ಮಂಚ ಮೆಲ್ಲನೆ, ನಯವಾಗಿ, ಒಂದೇ ಉಸಿರಿನಲ್ಲಿ ಎದ್ದಿತು. ಮಾವನನ್ನು ಅತಿಥಿಯ ಮುಖಕ್ಕೆ ಮುಖವಾಗಿ ಕೂರಿಸಿ, ಡಬ್ಬಿಯನ್ನು ಅವರ ಎದೆಯ ಮೇಲಿಟ್ಟು, ಕೋಣೆಯಿಂದ ಹೊರಗೆ ಹೋದಳು.

ಅತಿಥಿ ಆಮೇಲೆ ಏನೇನು ಮಾತಾಡಿದನೋ ಮೇಷ್ಟ್ರಿಗೆ ಕೇಳಿಸಲಿಲ್ಲ. ಅವನು ಹೋದ ಮೇಲೆ ಮಗ ತಂದೆಯ ಭುಜ ತಟ್ಟಿ, ಆ್ಯಪಿನ ಹೊಸ ವರ್ಷನ್ ಬಂದಿದೆ, ನಾಳೆ ತಂತಿ ಕಿತ್ತು ಅದನ್ನೇ ಹಾಕೋಣ ಎಂದು ಸಮಾಧಾನ ಹೇಳಿದ. ಇಂಥ ಸಮಾಧಾನಕ್ಕಿಂತ ಮುರಿದ ಮೂಳೆಯೇ ಹಿತವೆನಿಸಿತು.

ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚಿಕೊಂಡ ಮೇಲೆ ಮೇಷ್ಟ್ರು ಡಬ್ಬಿಯನ್ನು ಹೊದಿಕೆಯ ಹೊರಗೆ, ಬೆಳಕಿಗೆ ತಂದರು. ಇಳಿಯುವ ಸ್ವಿಚ್ಚಿನ ಮೇಲೆ ಹೆಬ್ಬೆರಳಿಟ್ಟು, ಈ ಬಾರಿ ಕೆಂಪು ದೀಪವನ್ನು ನೋಡಿದರು. ಸೊಸೆ ಒತ್ತಿದಾಗ ಅದು ಕುಂಕುಮದ ಬೊಟ್ಟಿನ ಹಾಗೆ ನಿಂತು ಉರಿಯುತ್ತಿತ್ತು. ಈಗ ಚಿಟ್ಟೆಯ ರೆಕ್ಕೆಯಂತೆ ಪಟಪಟನೆ ಹತ್ತಿ ಆರುತ್ತಿತ್ತು. ಬೆಸುಗೆ ಬಿಟ್ಟ ದೀಪ ಹೀಗೆ ಮಿನುಗುವುದಿಲ್ಲ. ಇದರಲ್ಲಿ ತಾಳವಿತ್ತು, ಲಯವಿತ್ತು. ಸೆಕೆಂಡಿಗೆ ಐದೋ ಆರೋ ಸಲ, ಗಡಿಯಾರದಷ್ಟು ನಿಯಮಬದ್ಧವಾಗಿ, ಅವರ ಬೆರಳು ತಾಗಿ ಬಿಡುತ್ತಿತ್ತು. ಕಾಲು ಸೆಕೆಂಡು ಕದಲದೆ ನಿಲ್ಲುವ ಪ್ರಶ್ನೆಯೇ ಇರಲಿಲ್ಲ. ಬೋರ್ಡು ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿತ್ತು. ಮೇಷ್ಟ್ರ ಬೆರಳನ್ನು ಅದು ಗದ್ದಲವೆಂದು ಎಣಿಸಿ, ಸೊನ್ನೆ ಕೊಟ್ಟು, ಆಚೆಗೆ ಕಳಿಸಿತ್ತು.

ಪರಿಹಾರವನ್ನು ಅವರು ಅಲ್ಲೇ ಕಂಡುಕೊಂಡರು. ತಲೆಗೇನೂ ನಡುಕ ಬಂದಿರಲಿಲ್ಲವಲ್ಲ. ಶುರುವಾಗಲು ಒಂದು ಚಿಕ್ಕ ತಾಗುವಿಕೆ ಸಾಕು. ಶುರುವಾದ ಮೇಲೆ ನಡುವಿನ ತಪ್ಪುಗಳನ್ನು ಕಂಡೂ ಕಾಣದಂತಿರಬೇಕು. ಬೆರಳು ಪೂರ್ತಿ ಹೋಯಿತೆಂದು ಖಾತ್ರಿಯಾದ ಮೇಲೆಯೇ ನಿಲ್ಲಬೇಕು. ನಾಲ್ಕು ಸಾಲಿನ ಕೆಲಸ. ಆದರೆ ಲ್ಯಾಪ್‌ಟಾಪಿನ ವೈರನ್ನು ಬೋರ್ಡಿಗೆ ಸಿಕ್ಕಿಸಲು ಯಾರಾದರೂ ಮಂಚದಡಿ ತೂರಬೇಕಿತ್ತು. ಮಗನನ್ನು ಕರೆದರೆ ವೈರಿನ ಬದಲು ಆ್ಯಪು ಬರುತ್ತದೆ. ಹೆಂಡತಿಗೆ ಮೊಣಕಾಲು ಮಡಚಲು ಬರುವುದಿಲ್ಲ. ಉಳಿದವಳು ಒಬ್ಬಳೇ.

ರಾತ್ರಿ ಹೆಂಡತಿ ಸ್ವಿಚ್ಚು ಒತ್ತಿ ಮಂಚ ಇಳಿಸಿದರು. ಮಾರನೆಯ ಬೆಳಿಗ್ಗೆ ಸೊಸೆ ಊಟದ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದಾಗ ಮೇಷ್ಟ್ರು ಕೂಗಿದರು. ಬಂದು ಬಾಗಿಲಲ್ಲೇ ನಿಂತಳು. ಪ್ರೋಗ್ರಾಮಿನಲ್ಲಿ ಒಂದು ಸಣ್ಣ ಸುಧಾರಣೆ ಬಾಕಿಯಿದೆ, ವೈರು ಸಿಕ್ಕಿಸು ಎಂದರು.

"ಬೆಸುಗೆ ಬಿಟ್ಟಿದೆ ಅಂದ್ರಲ್ಲ. ಪ್ರೋಗ್ರಾಂ ಯಾಕೆ?"

"ಬೆಸುಗೆ ಪರವಾಗಿಲ್ಲ."

"ನಿನ್ನೆ ಬಿಟ್ಟಿತ್ತು, ರಾತ್ರಿ ತಾನೇ ಅಂಟ್ಕೊಂಡ್ತಾ?"

ಮೇಷ್ಟ್ರು, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದೆಂದು ಇನ್ನೂ ಎರಡು ಮೂರು ಮಾತು ಹುಡುಕಿದರು: ತೇವಾಂಶ, ಸ್ವಿಚ್ಚಿನ ಗುಣಮಟ್ಟ, ವೋಲ್ಟೇಜು. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ಕುಣಿಯೋಕೆ ಬರದೋರು ನೆಲ ಡೊಂಕು ಅಂದ್ರಂತೆ." ಸೊಸೆ ನಗಲಿಲ್ಲ. ಕೈಗಡಿಯಾರ ನೋಡಿಕೊಂಡಳು.

ಕೊನೆಗೆ ಮೇಷ್ಟ್ರು ಬಲಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದು, ಗಾಳಿಯಲ್ಲಿ ಚಾಚಿ ಹಿಡಿದರು. ಅದು ತನ್ನ ಪಾಡಿಗೆ ತಾನು ನಡುಗಿತು. ಅವರು ಅದನ್ನು ಬೇರೆ ಯಾರದೋ ಕೆಟ್ಟ ರೀಡಿಂಗ್ ನೋಡುವಂತೆ ನೋಡಿದರು.

"ಇದು," ಎಂದರು. "ದರಿದ್ರದ್ದು. ಇದೇ ಕಾರಣ."

"ಅದು ನಮಗೆಲ್ಲ ಗೊತ್ತಿರೋ ವಿಷಯಾನೇ, ಮಾವ. ಲೋಟದ ಕಾಫಿ ಅರ್ಧ ತಟ್ಟೇಲಿರುತ್ತೆ. ನಡುಗೋದಕ್ಕೆ ಯಾರೂ ಏನೂ ಅಂದ್ಕೊಂಡಿಲ್ಲ." ಅವಳ ದನಿ ಏರಲಿಲ್ಲ. "ಆದ್ರೆ ನನ್ನ ಕೆಲಸ ಸರಿಯಿಲ್ಲ ಅಂತ ಹೊರಗಿನೋರ ಮುಂದೆ ಅಂದಿದೀರಿ. ನನ್ನ ಹತ್ರ ಹೇಳಿದ್ರೆ ಅದು ವಾಪಸ್ ಆಗಲ್ಲ. ಯಾರ ಮುಂದೆ ಅಂದ್ರೋ ಅವರಿಗೇ ಹೇಳಿ. ಆಮೇಲೆ ವೈರು."

"ಆ ಗಬ್ಬುನಾಥನಿಗಾ?"

"ಅವರಿಗೇ."

ಮೇಷ್ಟ್ರು ಚಾವಣಿ ನೋಡಿದರು. ಬಚ್ಚಲಿನಲ್ಲಿ ಮಗ ಬಾಯಿ ಮುಕ್ಕಳಿಸುವ ಸದ್ದು ಕೇಳುತ್ತಿತ್ತು. ಅದು ಮುಗಿದರೆ ಹೈಸ್ಸಾ ಶುರು. ಫೋನು ಕೊಡು ಎಂದರು. ನಂಬರನ್ನು ಅವಳೇ ಒತ್ತಿಕೊಟ್ಟಳು.

ರಸಾಯನಶಾಸ್ತ್ರದವನು ಎರಡನೇ ರಿಂಗಿಗೇ ಎತ್ತಿದ. ಮೇಷ್ಟ್ರು ನಮಸ್ಕಾರವನ್ನೂ ಹೇಳದೆ, ನಿನ್ನೆ ನಾನು ಬೆಸುಗೆ ಬಿಟ್ಟಿದೆ ಅಂದದ್ದು ತಪ್ಪು ಕಾರಣ, ಬೆಸುಗೆ ಲೇಶವೂ ಬಿಟ್ಟಿಲ್ಲ, ನನ್ನ ಸೊಸೆಯ ಕೆಲಸ ಅಚ್ಚುಕಟ್ಟಾಗಿದೆ, ದೋಷ ನನ್ನ ಪ್ರೋಗ್ರಾಮಿನದು ಮತ್ತು ನನ್ನ ಕೈ ನಡುಗುವುದರದು ಎಂದು ಪ್ರಯೋಗದ ವರದಿ ಓದುವ ಧಾಟಿಯಲ್ಲಿ ಹೇಳಿದರು.

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಇರು ಇರು," ಎಂದ ಅವನು. "ತಪ್ಪು ಅನ್ನೋ ಮಾತು ನಿನ್ನ ಬಾಯಲ್ಲಿ ಇದೇ ಮೊದಲು ಕಣಯ್ಯ. ನಮ್ಮನೆಯವಳನ್ನ ಕರೀತೀನಿ, ಇನ್ನೊಂದ್ಸಲ ಹೇಳು."

ಮೇಷ್ಟ್ರು ಫೋನನ್ನು ಸೊಸೆಯ ಕಡೆ ಎಸೆದರು. ಅವಳು ಅದನ್ನು ಹಿಡಿದು, ಊಟದ ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು ಮಂಚದಡಿ ತೂರಿದಳು. ನಾಲ್ಕು ಸಾಲನ್ನು ಮೇಷ್ಟ್ರು ಈ ಸಲ ತಾವೇ ಟೈಪು ಮಾಡಿದರು. ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತಿದ್ದವು; ಎರಡನ್ನು ಅಳಿಸುತ್ತಾ, ಕೀಲಿಮಣೆ ಮಾಡಿದವನ ವಂಶಕ್ಕೆ ಒಂದೊಂದು ಬೈಗುಳ ಸಲ್ಲಿಸುತ್ತಾ ಮುಂದುವರಿದರು. ಅವಳು ಸಹಾಯಕ್ಕೆ ಬರಲಿಲ್ಲ, ಅವಸರಿಸಲೂ ಇಲ್ಲ. ಲ್ಯಾಬಿಗೆ ತಡವಾಗುತ್ತದೆಂದು ಒಂದು ಮೆಸೇಜು ಮಾತ್ರ ಕಳಿಸಿದಳು.

ಪ್ರೋಗ್ರಾಮು ಬೋರ್ಡಿಗೆ ಇಳಿಯಿತು. ಮೇಷ್ಟ್ರು ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಎದೆಯ ಮೇಲಿಟ್ಟುಕೊಂಡು ಒತ್ತಿದರು. ಕೆಂಪು ದೀಪ ಪಟಪಟನೆ ಮಿನುಗಿತು. ಮಂಚ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಏಳತೊಡಗಿತು. ಚಾವಣಿ ಹಿಂದಕ್ಕೆ ಸರಿದು, ಗೋಡೆ, ಕಿಟಕಿ, ಕಿಟಕಿಯಾಚೆ ಬೀದಿಯ ಲೈಟುಕಂಬ ಒಂದೊಂದಾಗಿ ಬಂದವು. ಬೆರಳು ತೆಗೆದರು. ಅರೆಕ್ಷಣ ತಡೆದು ಮಂಚ ನಿಂತಿತು. ಆ ಅರೆಕ್ಷಣ ಅವರಿಗೆ ಹಿಡಿಸಲಿಲ್ಲ. ಆದರೂ ಅವರು ಕೂತಿದ್ದರು.

ಮುಖ ಒರೆಸಿಕೊಳ್ಳುತ್ತಾ ಬಂದ ಮಗ ಬಾಗಿಲಲ್ಲಿ ನಿಂತ. ಎತ್ತಲು ಸಿದ್ಧವಾಗಿದ್ದ ತೋಳುಗಳನ್ನು ಏನು ಮಾಡಬೇಕೆಂದು ತೋಚದೆ ಟವೆಲನ್ನೇ ಇನ್ನೊಮ್ಮೆ ಮಡಚಿದ. "ನಿಧಾನ ಅಲ್ವಾ ಅಪ್ಪ ಇದು," ಎಂದು ಹೇಳಿ ಹೊರಟುಹೋದ. ಸೊಸೆಯೂ ಊಟದ ಡಬ್ಬಿ ಎತ್ತಿಕೊಂಡು ಚಪ್ಪಲಿ ಮೆಟ್ಟಿದಳು.

ಅಷ್ಟರಲ್ಲಿ ಹೆಂಡತಿ ಬಂದರು. ಗಂಡ ತಾನಾಗಿ ಎದ್ದು ಕೂತದ್ದನ್ನು ಮೇಲಿನಿಂದ ಕೆಳಗೊಮ್ಮೆ ನೋಡಿ, ಒಳಗೆ ಹೋಗಿ, ಬಟಾಣಿ ಕಾಯಿ ತುಂಬಿದ ಒಂದು ಮೊರವನ್ನು ತಂದು ಅವರ ತೊಡೆಯ ಮೇಲಿಟ್ಟರು.

"ಏನಿದು?"

"ಬಿಡಿಸಿ. ಕೂರೋಕೆ ಬಂತಲ್ಲ."

"ಕೈ ನಡುಗುತ್ತೆ ನನಗೆ."

"ಅದನ್ನೇ ಊರಿಗೆಲ್ಲ ಫೋನ್ ಮಾಡಿ ಹೇಳಿ ಆಯ್ತಲ್ಲ, ಇನ್ನೇನು ಮುಚ್ಚುಮರೆ. ನಡುಗೋ ಕೈಗೆ ಕಾಳು ಬೇಗ ಉದುರುತ್ತೆ, ಬಿಡಿಸಿ."

ಮೇಷ್ಟ್ರು ಒಂದು ಕಾಯಿ ಎತ್ತಿಕೊಂಡರು. ಅದು ಬೆರಳ ನಡುವೆ ಸ್ವಲ್ಪ ಹೊತ್ತು ಕುಣಿದು, ಟಪ್ಪೆಂದು ಸೀಳಿತು. ಎರಡು ಕಾಳು ಮೊರಕ್ಕೆ ಬಿದ್ದವು, ಒಂದು ಹಾಸಿಗೆಯ ಮೇಲೆ ಉರುಳಿತು. ಸಿಪ್ಪೆಯೊಳಗೆ ಇಣುಕಿ ನೋಡಿ ಮೂಗು ಮುರಿದರು.

"ಅರ್ಧಕ್ಕರ್ಧ ಜೊಳ್ಳು. ಯಾರು ತಂದಿದ್ದು ಇದನ್ನ?"

"ನಿಮ್ಮ ಮಗ."

"ಅದೇ ಅಂದ್ಕೊಂಡೆ," ಎಂದು ಇನ್ನೊಂದು ಕಾಯಿಗೆ ಕೈ ಹಾಕಿದರು.